ಅಂಟಿನ ನಂಟು

ಹೋದ ತಿಂಗಳ ನಮ್ಮ ಬಳಗದ ಸಭೆಯಲ್ಲಿ, ಕಾಫಿ ಚಕ್ಕುಲಿಗಳ ನಡುವೆ, ಒಂದು ಚಿಕ್ಕ ಠರಾವು ಪಾಸಾಯಿತು. ವರ್ಷದ ಲೆಕ್ಕಪತ್ರ, ಸಭೆಗಳ ನಡಾವಳಿ, ಸದಸ್ಯರ ಬರಹಗಳ ಸಂಕಲನ, ಇವನ್ನೆಲ್ಲ ಒಪ್ಪವಾಗಿ ಕಟ್ಟಿಡಲು ಒಂದು ಥರ್ಮಲ್ ಬೈಂಡಿಂಗ್ ಯಂತ್ರ ಕೊಳ್ಳಬೇಕು. ಯಾವ ಯಂತ್ರ ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಹೇಗೂ ನಿಮಗೆ ಪುಸ್ತಕದ ಹುಚ್ಚು, ನೀವೇ ನೋಡಿಬಿಡಿ ಸಾರ್" ಎಂದು ಖಜಾಂಚಿಗಳು ನಕ್ಕರು. ಅರ್ಧ ಗಂಟೆಯ ಕೆಲಸ ಎಂದುಕೊಂಡು ನಾನೂ ಒಪ್ಪಿದೆ.

ಅದೇ ವಾರ ಒಂದು ಫೋನ್ ಬಂತು. ನಮ್ಮ ಬಳಗದ ಹಿರಿಯರೊಬ್ಬರು, ಈಗ ನಮ್ಮೊಂದಿಗಿಲ್ಲದವರು, 1990ರ ದಶಕದಲ್ಲಿ ತಮ್ಮ ಬಾಲ್ಯದ ಮತ್ತು ಈ ದೇಶಕ್ಕೆ ಬಂದ ಮೊದಲ ವರ್ಷಗಳ ನೆನಪುಗಳನ್ನು ಬರೆದಿದ್ದರು. ಆಗಿನ ಕಾಲದ ಕನ್ನಡ ತಂತ್ರಾಂಶದಲ್ಲಿ ತಾವೇ ಕೀಲಿಸಿ, ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿ, ಒಂದು ನಕಲು ಅಂಗಡಿಯಲ್ಲಿ ಇಪ್ಪತ್ತೈದು ಪ್ರತಿ ಬೈಂಡ್ ಮಾಡಿಸಿ ನಮಗೆಲ್ಲ ಹಂಚಿದ್ದರು. ಫೋನ್ ಮಾಡಿದವಳು ಅವರ ಮಗಳು. "ಅಂಕಲ್, ಅಪ್ಪನ ಪುಸ್ತಕ ನಿಮ್ಮ ಹತ್ತಿರ ಇದೆಯಾ? ನಮ್ಮ ಮನೆಯ ಪ್ರತಿ ಸಿಗುತ್ತಿಲ್ಲ. ಕಂಪ್ಯೂಟರಿನ ಫೈಲ್ ಅಂತೂ ಎಂದೋ ಹೋಯಿತು."

ಇತ್ತು. ಅಟ್ಟದ ಪೆಟ್ಟಿಗೆಯಿಂದ ತೆಗೆದು, ಹೊದಿಕೆ ತೆರೆದೆ. ಬೆನ್ನಿನಲ್ಲಿ ಟಕ್ಕೆಂದು ಸದ್ದಾಯಿತು. ಹಾಳೆಗಳು ಒಂದೊಂದಾಗಿ ತೊಡೆಯ ಮೇಲೆ ಜಾರಿದವು. ಎಣಿಸಿ ನೋಡಿದರೆ ನಡುವೆ ಎರಡು ಹಾಳೆ ಇರಲೇ ಇಲ್ಲ. ಇನ್ನಿಬ್ಬರು ಗೆಳೆಯರ ಮನೆಯಲ್ಲಿ ಇನ್ನೆರಡು ಪ್ರತಿ ಸಿಕ್ಕವು. ಅವುಗಳ ಸ್ಥಿತಿಯೂ ಹೆಚ್ಚು ಕಡಿಮೆ ಅದೇ. ಕಾಗದ ಬೆಳ್ಳಗೇ ಇತ್ತು, ಅಕ್ಷರ ಕಪ್ಪಗೇ ಇತ್ತು. ಕೈಕೊಟ್ಟದ್ದು ಅಂಟು ಮಾತ್ರ.

ಹೀಗಾಗಿ ಅರ್ಧ ಗಂಟೆಯ ಕೆಲಸ ನಾಲ್ಕು ವಾರ ಹಿಡಿಯಿತು. ಯಂತ್ರ ಆರಿಸುವ ಮೊದಲು ಈ ಅಂಟು ಪುಸ್ತಕದ ಬೆನ್ನಿಗೆ ಬಂದದ್ದಾದರೂ ಹೇಗೆ ಎಂದು ತಿಳಿಯಬೇಕೆನಿಸಿತು. ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೊನೆಯಲ್ಲಿ ಯಂತ್ರದ ಮಾತೂ ಬರುತ್ತದೆ, ಖಜಾಂಚಿಗಳು ಗಾಬರಿಪಡಬೇಕಾಗಿಲ್ಲ.

ಮೊದಲಿಗೆ ನಮ್ಮ ಮಾತುಗಳನ್ನೇ ನೋಡಿ. ಗ್ರಂಥ ಎಂಬ ಶಬ್ದದ ಧಾತುವಿಗೆ ಕಟ್ಟು, ಪೋಣಿಸು ಎಂದು ಅರ್ಥ. ಸೂತ್ರ ಎಂದರೆ ದಾರ. ಪ್ರಬಂಧ, ನಿಬಂಧ ಎರಡರಲ್ಲೂ ಇರುವುದು ಬಂಧ, ಅಂದರೆ ಕಟ್ಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕಪತ್ರಗಳ ಕಚೇರಿಯನ್ನು ವಿವರಿಸುವಾಗ ಬರುವ ಮಾತು ನಿಬಂಧಪುಸ್ತಕ. ನಾವು ಬರೆಯುವುದಕ್ಕೆ ಕೊಟ್ಟ ಹೆಸರುಗಳಲ್ಲೆಲ್ಲ ದಾರವಿದೆ, ಗಂಟಿದೆ. ಅಂಟು ಎಲ್ಲೂ ಇಲ್ಲ.

ಇದು ಬರಿಯ ಶಬ್ದದ ಚಮತ್ಕಾರವಲ್ಲ. ನಮ್ಮ ಓಲೆಗರಿಯ ಕಟ್ಟು ನಿಜಕ್ಕೂ ದಾರದ ಕಟ್ಟು. ಗರಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಬಿಗಿದು ಸುತ್ತುತ್ತಿದ್ದರು. ದಾರ ಹಳತಾದರೆ ಬೇರೆ ದಾರ. ಗರಿಗೆ ಏನೂ ಆಗುವುದಿಲ್ಲ. ಅರ್ಥಶಾಸ್ತ್ರವೇ ಇದಕ್ಕೆ ಸಾಕ್ಷಿ. ಹೊರಗಿನವರಿಗೆ ಕಾಣದೆ ಹೋಗಿದ್ದ ಆ ಗ್ರಂಥದ ಓಲೆಪ್ರತಿ ಮೈಸೂರಿನ ಪ್ರಾಚ್ಯ ಕೋಶಾಗಾರಕ್ಕೆ ಬಂತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಸಂಸ್ಕೃತ ಶ್ಲೋಕ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪುಸ್ತಕವೇ ಬಾಯಿಬಿಟ್ಟು ಬೇಡಿಕೊಳ್ಳುವ ಶ್ಲೋಕ ಅದು. ಎಣ್ಣೆ, ನೀರುಗಳ ಜೊತೆಗೆ ಅದು ಹೆದರುವ ಮೂರನೆಯ ಶತ್ರು ಸಡಿಲವಾದ ಕಟ್ಟು. ಮೂರ್ಖನ ಕೈ ಬರುವುದು ಅದಾದ ಮೇಲೆ.

ಕಚೇರಿಯ ಕಾಗದಪತ್ರಗಳಿಗೂ ನಮ್ಮಲ್ಲಿ ತನ್ನದೇ ಆದ ಚರಿತ್ರೆಯಿದೆ. ಇಂದು ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತ ಎಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ ಒಣಗಿಸಿ, ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಿಚಿ, ಕಪ್ಪಾದ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಇಂಥ ಕಡತಗಳಲ್ಲಿ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ವಿಚಿತ್ರ ಪುಸ್ತಕವನ್ನು ವರ್ಣಿಸಿದ್ದಾನೆ. ಇಲ್ಲಿ ಒಂದು ತಮಾಷೆಯಿದೆ: ಹುಣಸೆಬೀಜದ ಗಂಜಿ ಎಂದರೆ ಅಂಟೇ. ಆದರೆ ಅದನ್ನು ಹಾಕುತ್ತಿದ್ದದ್ದು ಬರೆಯುವ ಮೈಗೆ, ಬೆನ್ನಿಗಲ್ಲ. ಕಡತಕ್ಕೆ ಬೆನ್ನೇ ಇಲ್ಲ, ಎಲ್ಲ ಒಂದೇ ಬಟ್ಟೆ. ಹಾಗಾಗಿ ಅದರಿಂದ ಹಾಳೆ ಉದುರುವ ಪ್ರಶ್ನೆಯೂ ಇಲ್ಲ. ಮುಂದೆ ಕಾಗದದ ಕಡತ ಬಂದಾಗ ನಮ್ಮ ಗುಮಾಸ್ತರು ಮಾಡಿದ್ದೇನು? ಮೂಲೆಯಲ್ಲಿ ತೂತು ಹೊಡೆದು ಟ್ಯಾಗ್ ಹಾಕಿ ಕಟ್ಟಿದರು. ಓಲೆಗರಿಯ ದಾರ ತಾಲ್ಲೂಕು ಕಚೇರಿಯಲ್ಲಿ ಪುನರ್ಜನ್ಮ ಪಡೆಯಿತು.

ಹಾಗಾದರೆ ಬೆನ್ನಿಗೆ ಅಂಟು ಹಚ್ಚಿ ಪುಸ್ತಕ ಕಟ್ಟುವ ಯೋಚನೆ ಯಾರದು? ಆಧುನಿಕ ಕಾರ್ಖಾನೆಯದಲ್ಲ, ಅದು ಬಹಳ ಹಳೆಯದು. ಚೀನಾದಲ್ಲಿ ಸೋಂಗ್ ವಂಶದ ಕಾಲದಲ್ಲಿ, ಅಂದರೆ 960ರಿಂದ 1279ರ ನಡುವೆ, ಚಿಟ್ಟೆಕಟ್ಟು ಎಂಬ ಕ್ರಮ ಬಳಕೆಯಲ್ಲಿತ್ತು. ಒಂದೇ ಮಗ್ಗುಲಿಗೆ ಮುದ್ರಿಸಿದ ಹಾಳೆಯನ್ನು ಅಕ್ಷರ ಒಳಗೆ ಬರುವಂತೆ ಮಡಿಚಿ, ಮಡಿಕೆಗಳನ್ನೆಲ್ಲ ಒಟ್ಟುಗೂಡಿಸಿ ಬೆನ್ನಿಗೆ ಗಂಜಿ ಹಚ್ಚುತ್ತಿದ್ದರು. ತೆರೆದರೆ ಪುಟಗಳು ಚಿಟ್ಟೆಯ ರೆಕ್ಕೆಯಂತೆ ಎದ್ದು ನಿಲ್ಲುತ್ತಿದ್ದವು. ನೋಡಲು ಚಂದ. ಆದರೆ ಗಂಜಿ ಒಣಗಿದರೆ ಹಾಳೆ ಬಿಡುತ್ತದೆ, ಗಂಜಿಯ ವಾಸನೆಗೆ ಹುಳು ಬರುತ್ತದೆ. ಮಿಂಗ್ ವಂಶದ ಕಾಲಕ್ಕೆ ಅವರು ಗಂಜಿಯನ್ನು ಬಿಟ್ಟು, ಅಂಚಿನಲ್ಲಿ ತೂತು ಕೊರೆದು ದಾರದಲ್ಲಿ ಹೊಲಿಯುವ ಕ್ರಮಕ್ಕೆ ಬಂದರು. ಆ ಹೊಲಿಗೆ ಇಪ್ಪತ್ತನೆಯ ಶತಮಾನದವರೆಗೂ ಬಾಳಿತು. ಹೀಗೆ ಒಂದು ದೊಡ್ಡ ನಾಗರಿಕತೆ ಅಂಟನ್ನು ಪರೀಕ್ಷಿಸಿ, ಬೇಡವೆಂದು ದಾರಕ್ಕೆ ಹೋದದ್ದು ಯೂರೋಪಿನವರು ದಾರವನ್ನು ಬಿಟ್ಟು ಅಂಟಿಗೆ ಬರುವ ಮುಂಚೆಯೇ.

ಯೂರೋಪಿನ ಪುಸ್ತಕವೂ ಹುಟ್ಟಿದ್ದು ಹೊಲಿಗೆಯಿಂದಲೇ. ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ 1945ರಲ್ಲಿ ಸಿಕ್ಕಿದ, ನಾಲ್ಕನೆಯ ಶತಮಾನದ ಪಪೈರಸ್ ಪುಸ್ತಕಗಳು ಮಡಿಚಿ ಕಟ್ಟಿ ಚರ್ಮದ ಹೊದಿಕೆ ಹಾಕಿದಂಥವು. ಮುದ್ರಣ ಬಂದ ಮೇಲೂ ಕ್ರಮ ಬದಲಾಗಲಿಲ್ಲ. ದೊಡ್ಡ ಹಾಳೆಯನ್ನು ಮಡಿಚಿ ಎಂಟು ಅಥವಾ ಹದಿನಾರು ಪುಟದ ಫಾರಂ ಮಾಡುವುದು, ಮಡಿಕೆಯ ನಡುವೆ ಸೂಜಿ ಹಾಯಿಸಿ ಒಂದು ಫಾರಮ್ಮನ್ನು ಇನ್ನೊಂದಕ್ಕೆ ಹೊಲಿಯುವುದು, ಆಮೇಲೆ ಬೆನ್ನಿಗೆ ಅಂಟು. ಇಲ್ಲಿ ಅಂಟು ಇದ್ದರೂ ಅದು ಸಹಾಯಕ ಮಾತ್ರ. ಭಾರ ಹೊರುವುದು ದಾರ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು 1,700ಕ್ಕೂ ಹೆಚ್ಚು ಪುಟಗಳ ಗಾತ್ರದ್ದು. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಅಂಥ ಪುಸ್ತಕವನ್ನು ಬರಿಯ ಅಂಟಿನಲ್ಲಿ ನಿಲ್ಲಿಸಬಲ್ಲ ಅಂಟು ಆ ಕಾಲದಲ್ಲಿ ಇರಲಿಲ್ಲ.

ಇರಲಿಲ್ಲ ಎಂದೆ, ಆದರೆ ಇದೆ ಎಂದು ನಂಬಿದ್ದವರು ಇದ್ದರು. ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ ಎಂಬಾತ 1836ರಲ್ಲಿ ಒಂದು ಪೇಟೆಂಟ್ ಪಡೆದ. ಮಡಿಕೆಗಳನ್ನು ಕತ್ತರಿಸಿ ಎಲ್ಲವನ್ನೂ ಬಿಡಿ ಹಾಳೆ ಮಾಡುವುದು, ಬೆನ್ನಿನ ಅಂಚಿಗೆ ರಬ್ಬರಿನ ದ್ರಾವಣ ಹಚ್ಚುವುದು, ಹೊದಿಕೆಗೆ ಸೇರಿಸುವುದು, ಅಷ್ಟೆ. ಸೂಜಿಯಿಲ್ಲ, ದಾರವಿಲ್ಲ. ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತಿತ್ತು. ದೊಡ್ಡ ದೊಡ್ಡ ಚಿತ್ರಗಳ ಬಿಡಿ ಹಾಳೆಗಳನ್ನು ಹೊಲಿಯುವುದು ಕಷ್ಟವಾದ್ದರಿಂದ ವಿಕ್ಟೋರಿಯಾ ಕಾಲದ ಸಚಿತ್ರ ಪುಸ್ತಕಗಳಿಗೆ ಇದು ಹೇಳಿಮಾಡಿಸಿದಂತಿತ್ತು. ಜನ ಬೆರಗಾದರು. ಕೆಲವು ದಶಕ ಕಳೆಯಿತು. ರಬ್ಬರು ಒಣಗಿ, ಗಡುಸಾಗಿ, ಪುಡಿಪುಡಿಯಾಯಿತು. ಇಂದಿಗೂ ಹಳೆಯ ಪುಸ್ತಕ ಮಾರುವವರ ಪಟ್ಟಿಗಳಲ್ಲಿ ಇಂಥ ಪುಸ್ತಕದ ಮುಂದೆ ಹಾಳೆಗಳು ಸಡಿಲ ಎಂಬ ಷರಾ ಸಾಮಾನ್ಯ. ಹ್ಯಾನ್‌ಕಾಕನ ಪುಸ್ತಕಗಳಲ್ಲಿ ಉಳಿದಿರುವುದು ಬಹುಪಾಲು ಆಮೇಲೆ ಯಾರೋ ಪುಣ್ಯಾತ್ಮರು ಮತ್ತೆ ಕಟ್ಟಿಸಿದವು.

ನನ್ನ ತೊಡೆಯ ಮೇಲೆ ಜಾರಿದ ಹಾಳೆಗಳ ಕಥೆಯೂ ಅದೇ ಅಲ್ಲವೆ? ನೂರೈವತ್ತಕ್ಕೂ ಹೆಚ್ಚು ವರ್ಷ ಆದ ಮೇಲೂ ನಾವು ಅದೇ ಹೊಂಡಕ್ಕೆ ಬಿದ್ದಿದ್ದೆವು.

ಇಪ್ಪತ್ತನೆಯ ಶತಮಾನದಲ್ಲಿ ಅಂಟು ಮತ್ತೆ ಬಂದದ್ದು ಅಗ್ಗದ ಪುಸ್ತಕದ ಬೆನ್ನೇರಿ. ಅಮೆರಿಕದಲ್ಲಿ 1939ರಲ್ಲಿ ಪಾಕೆಟ್ ಬುಕ್ಸ್ ಇಪ್ಪತ್ತೈದು ಸೆಂಟಿಗೆ ಒಂದು ಪುಸ್ತಕ ಮಾರತೊಡಗಿತು. ಆ ಬೆಲೆಯ ಪುಸ್ತಕಗಳಿಗೆ ಹೊಲಿಗೆ ದುಬಾರಿ. ಬಿಡಿ ಹಾಳೆಗಳ ಬೆನ್ನನ್ನು ಉಜ್ಜಿ ಒರಟು ಮಾಡಿ, ಅಂಟು ಬಳಿದು, ರಕ್ಷಾಕವಚ ಸುತ್ತುವ ಈ ವಿಧಾನಕ್ಕೆ ಇಂಗ್ಲಿಷಿನಲ್ಲಿ ಪರ್ಫೆಕ್ಟ್ ಬೈಂಡಿಂಗ್ ಎಂದು ಹೆಸರು. ಯಾರು ಇಟ್ಟರೋ, ಹಾಸ್ಯಪ್ರಿಯರಿರಬೇಕು. ಎರಡನೆಯ ಮಹಾಯುದ್ಧದಲ್ಲಿ, 1943ರಿಂದ 1947ರವರೆಗೆ, ಅಮೆರಿಕದ ಸೈನಿಕರಿಗಾಗಿ 12 ಕೋಟಿಗೂ ಹೆಚ್ಚು ಪುಟಾಣಿ ಪುಸ್ತಕಗಳನ್ನು ಅಚ್ಚು ಹಾಕಿ ಹಂಚಿದರು. ಅವುಗಳಲ್ಲಿ ಭಾರ ಹೊರಲು ಅಂಟನ್ನು ನಂಬಲಿಲ್ಲ, ತಂತಿಯ ಪಿನ್ನು ಹೊಡೆದರು. ಉಷ್ಣವಲಯದ ತೇವದಲ್ಲಿ ಆ ಕಾಲದ ಅಂಟು ನಿಲ್ಲುವುದಿಲ್ಲ, ಹುಳುಗಳು ತಿಂದುಹಾಕುತ್ತವೆ ಎಂಬ ಭಯ. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುತ್ತಿದ್ದ ಅಂಟು ಅದು, ಹುಳುವಿಗೆ ಹಬ್ಬದೂಟ. ನಮ್ಮೂರಿನ ಬೈಂಡಿಂಗ್ ಅಂಗಡಿಯವರು ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದುದು ಇದೇ ಕಾರಣಕ್ಕೆ.

ಈ ನಡುವೆ ಜರ್ಮನಿಯಲ್ಲಿ ಎಮಿಲ್ ಲುಂಬೆಕ್ ಎಂಬಾತ 1930ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದಿದ್ದ. 1912ರಲ್ಲಿ ಫ್ರಿಟ್ಸ್ ಕ್ಲಾಟೆ ಕಂಡುಹಿಡಿದಿದ್ದ ವಸ್ತುವಿನ ವಂಶಕ್ಕೆ ಸೇರಿದ ಅಂಟು ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಬಳಸುವ ಬಿಳಿ ಅಂಟು, ಅಂದರೆ ಪಿ.ವಿ.ಎ. ಅಂಥ ಕೃತಕ ಅಂಟನ್ನು ತಣ್ಣಗೇ ಹಚ್ಚುವುದು ಲುಂಬೆಕ್ಕನ ಉಪಾಯ. ಅದಕ್ಕಿಂತ ಮುಖ್ಯವಾದದ್ದು ಹಚ್ಚುವ ರೀತಿ. ಹಾಳೆಗಳ ಕಟ್ಟನ್ನು ಇಸ್ಪೀಟೆಲೆ ಬಿಡಿಸಿದಂತೆ ಒಂದು ಕಡೆ ಬಾಗಿಸಿ ಅಂಟು ಬಳಿಯುವುದು, ಆಮೇಲೆ ಇನ್ನೊಂದು ಕಡೆ ಬಾಗಿಸಿ ಮತ್ತೆ ಬಳಿಯುವುದು. ಆಗ ಅಂಟು ಅಂಚಿಗೆ ಮಾತ್ರವಲ್ಲ, ಪ್ರತಿ ಹಾಳೆಯ ಎರಡು ಮಗ್ಗುಲಿಗೂ ಕೂದಲೆಳೆಯಷ್ಟು ಒಳಗೆ ಹೋಗಿ ಹಿಡಿಯುತ್ತದೆ. ಜರ್ಮನ್ ಭಾಷೆಯಲ್ಲಿ ಹೀಗೆ ಬೈಂಡ್ ಮಾಡುವುದಕ್ಕೆ ಲುಂಬೆಕೆನ್ ಎಂಬ ಕ್ರಿಯಾಪದವೇ ಇದೆ. ವ್ಯಕ್ತಿಯ ಹೆಸರು ಕ್ರಿಯಾಪದವಾಗುವುದು ಎಷ್ಟು ಜನರಿಗೆ ಸಿಗುವ ಭಾಗ್ಯ! ಅಮೆರಿಕದ ಗ್ರಂಥಾಲಯ ಬೈಂಡಿಂಗಿನ 2000ದ ಮಾನದಂಡ ಕೂಡ ಈ ಎರಡು ಬಾಗಿನ ಅಂಟುಗಟ್ಟನ್ನು ಒಪ್ಪಿಕೊಂಡಿದೆ. ಎಂದರೆ ಅಂಟು ಎಂಬ ಕಾರಣಕ್ಕೇ ಅದು ಕೆಟ್ಟದ್ದಲ್ಲ. ಯಾವ ಅಂಟು, ಹಾಳೆಯ ಎಷ್ಟು ಭಾಗವನ್ನು ಹಿಡಿದಿದೆ, ಪ್ರಶ್ನೆ ಅದು.

ಆದರೆ ತಣ್ಣನೆಯ ಅಂಟು ಒಣಗಲು ಹೊತ್ತು ಬೇಕು, ಕಾರ್ಖಾನೆಗೆ ಅಷ್ಟು ಪುರುಸೊತ್ತಿಲ್ಲ. 1950ರ ದಶಕದಲ್ಲಿ ಬಿಸಿ ಅಂಟು ಬೈಂಡಿಂಗಿಗೆ ಬಂತು. ಇದು ಒಣಗುವುದಿಲ್ಲ, ಆರುತ್ತದೆ. ಕಾಯಿಸಿದಾಗ ಜೇನಿನಂತೆ ಹರಿದು, ತಣಿದೊಡನೆ ಗಟ್ಟಿಯಾಗುವ ಪ್ಲಾಸ್ಟಿಕ್ ಜಾತಿಯ ಅಂಟು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದಕ್ಕೆ ಇ.ವಿ.ಎ. ಎಂದು ಹೆಸರು. ಅದರೊಂದಿಗೆ ಅಂಟುಗುಣ ಹೆಚ್ಚಿಸುವ ರಾಳ ಮತ್ತು ಮೇಣ ಬೆರೆತಿರುತ್ತದೆ. ಕೆಲವು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ದೋಷವೂ ಅದರಲ್ಲೇ ಇದೆ: ಬಿಸಿಗೆ ಕರಗುವ ಅಂಟು ಬೇಸಗೆಯ ಕಾರಿನೊಳಗೆ ಮೆತ್ತಗಾಗುತ್ತದೆ, ಕೊರೆಯುವ ಚಳಿಯಲ್ಲಿ ಪೆಡಸಾಗಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಒಲೆಯೂ ಚಳಿಗಾಲದಲ್ಲಿ ಫ್ರೀಜರೂ ಆಗುವ ನನ್ನ ಅಟ್ಟದಲ್ಲಿ ಆ ನೆನಪಿನ ಪುಸ್ತಕ ಎಷ್ಟೋ ವರ್ಷ ತಪಸ್ಸು ಮಾಡಿತ್ತು. ಅಂಗಡಿಯವನನ್ನು ಬೈಯುವ ಮೊದಲು ನಾನು ನನ್ನನ್ನೇ ಬೈದುಕೊಳ್ಳಬೇಕಾಯಿತು. 1980ರ ದಶಕದ ಕೊನೆಗೆ ಪಿ.ಯು.ಆರ್. ಎಂಬ ಇನ್ನೊಂದು ಜಾತಿ ಬಂತು. ಅದು ಗಾಳಿಯ ತೇವವನ್ನು ಹೀರಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ, ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಅದು ಮುದ್ರಣಾಲಯದ ಯಂತ್ರಗಳ ಮಾತು.

ಕಚೇರಿಯ ಮೇಜಿಗೆ ಈ ಬಿಸಿ ಅಂಟು ಬಂದದ್ದರ ಹಿಂದೆ ನಕಲು ಯಂತ್ರವಿದೆ. ನಮ್ಮಲ್ಲಿ ಹಿರಿಯರಿಗೆ ಕಾರ್ಬನ್ ಕಾಗದ, ಸೈಕ್ಲೋಸ್ಟೈಲ್ ನೆನಪಿರಬೇಕು. 1959ರಲ್ಲಿ ಝೆರಾಕ್ಸ್ 914 ಬಂತು. ಸಾದಾ ಕಾಗದದ ಮೇಲೆ ನಿಮಿಷಕ್ಕೆ ಏಳು ಪ್ರತಿ. ಒಳಗೆ ಕಾಗದ ಸುಟ್ಟು ಬೆಂಕಿ ಹತ್ತಬಹುದೆಂದು ಅದರ ಜೊತೆಗೆ ಬೆಂಕಿ ಆರಿಸುವ ಪುಟ್ಟ ಸಾಧನವನ್ನೂ ಕೊಡುತ್ತಿದ್ದರು. ಕಚೇರಿಗಳಲ್ಲಿ ಕಾಗದದ ಪ್ರವಾಹ ಶುರುವಾಯಿತು. ಅದನ್ನು ಎಲ್ಲಿಡುವುದು, ಹೇಗೆ ಕಟ್ಟುವುದು? 1917ರಲ್ಲಿ ಶಿಕಾಗೋದಲ್ಲಿ ಬ್ಯಾಂಕಿನ ದಾಖಲೆಗಳಿಗೆ ರಟ್ಟಿನ ಪೆಟ್ಟಿಗೆ ಮಾರುತ್ತ ಶುರುವಾದ ಫೆಲೋಸ್ ಕಂಪನಿ ಮುಂದೆ ಬೈಂಡಿಂಗ್ ಯಂತ್ರಕ್ಕೂ ಕೈ ಹಾಕಿತು. 1947ರಲ್ಲಿ ಹುಟ್ಟಿದ ಜನರಲ್ ಬೈಂಡಿಂಗ್ ಕಾರ್ಪೊರೇಷನ್ ಪ್ಲಾಸ್ಟಿಕ್ ಬಾಚಣಿಗೆಯ ಬೈಂಡಿಂಗನ್ನು ಮನೆಮಾತಾಗಿಸಿತು. ಆ ಕಂಪನಿ 2005ರಲ್ಲಿ ಅಕ್ಕೋ ಬ್ರಾಂಡ್ಸ್‌ನಲ್ಲಿ ಸೇರಿಹೋಯಿತು. 1990ರಲ್ಲಿ ಬಂದ ಝೆರಾಕ್ಸ್ ಡಾಕ್ಯುಟೆಕ್ ಯಂತ್ರದಲ್ಲಂತೂ ಅಚ್ಚಾದ ಹಾಳೆಗಳಿಗೆ ಬಿಸಿ ಅಂಟಿನ ಪಟ್ಟಿ ಹಾಕಿ ಹೊರಗೆ ಬಿಡುವ ಅನುಕೂಲವೂ ಇತ್ತು. ಬಾಚಣಿಗೆಯನ್ನು ಯಾರು ಬೇಕಾದರೂ ಬೆರಳಿನಲ್ಲಿ ಬಿಡಿಸಿ ಹಾಳೆ ಬದಲಾಯಿಸಬಹುದು. ಕರಾರು, ವರದಿ, ಟೆಂಡರು ಮುಂತಾದವಕ್ಕೆ ಅದು ಸರಿಬರುವುದಿಲ್ಲ. ನೋಡಲು ಪುಸ್ತಕದಂತಿರಬೇಕು, ಹಾಳೆ ಸುಲಭಕ್ಕೆ ಕೀಳಬಾರದು, ಗುಮಾಸ್ತನೇ ಒಂದು ನಿಮಿಷದಲ್ಲಿ ಮಾಡಿಮುಗಿಸಬೇಕು. ಥರ್ಮಲ್ ಬೈಂಡಿಂಗ್ ಯಂತ್ರ ನಿಂತದ್ದು ಈ ಜಾಗದಲ್ಲಿ.

ಯಂತ್ರ ಎಂದರೂ ಅದು ಸರಳವಾದ ಸಾಧನ. ಬೆನ್ನಿನ ಒಳಗಡೆ ಮೊದಲೇ ಅಂಟಿನ ಪಟ್ಟಿ ಹಾಕಿದ ಹೊದಿಕೆ ಅಂಗಡಿಯಲ್ಲಿ ಸಿಗುತ್ತದೆ. ಹಾಳೆಗಳನ್ನು ಸಮನಾಗಿ ತಟ್ಟಿ ಅದರೊಳಗಿಟ್ಟು, ಬೆನ್ನು ಕೆಳಗಾಗಿ ಯಂತ್ರದ ಸೀಳಿನಲ್ಲಿ ನಿಲ್ಲಿಸಬೇಕು. ಕೆಳಗೆ ದೋಸೆಯ ಕಾವಲಿಯಂಥ ಬಿಸಿ ತಟ್ಟೆಯಿದೆ. ಸುಮಾರು ಒಂದು ನಿಮಿಷದಲ್ಲಿ ಅಂಟು ಕರಗಿ ಹಾಳೆಗಳ ಅಂಚನ್ನು ಹಿಡಿಯುತ್ತದೆ. ತೆಗೆದು, ನಿಲ್ಲಿಸಿ, ಆರಲು ಬಿಡಬೇಕು. ಅಷ್ಟೆ.

ಈಗ ಆಯ್ಕೆಯ ಮಾತು. ಚರಿತ್ರೆ ಓದಿದ ಮೇಲೆ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿರುವ ವಿಷಯಗಳಿಗಿಂತ ಸಣ್ಣಕ್ಷರದವೇ ಮುಖ್ಯವೆನಿಸಿದವು.

ಮೊದಲನೆಯದು ದಪ್ಪ. ಸಾಧಾರಣ ಕಚೇರಿ ಕಾಗದ ಹತ್ತು ಹಾಳೆಗೆ ಸುಮಾರು ಒಂದು ಮಿಲಿಮೀಟರ್. ನೂರು ಹಾಳೆಯ ಸಂಕಲನಕ್ಕೆ ಹತ್ತು ಮಿಲಿಮೀಟರ್ ಬೆನ್ನಿನ ಹೊದಿಕೆ. ಹೊದಿಕೆ ಅಗಲವಾದರೆ ಹಾಳೆಗಳು ಅದರಲ್ಲಿ ವಾಲುತ್ತವೆ. ಇಕ್ಕಟ್ಟಾದರೆ ನಡುವಿನ ಹಾಳೆಗಳು ಅಂಟನ್ನು ಮುಟ್ಟುವುದೇ ಇಲ್ಲ. ಯಂತ್ರ ಎಷ್ಟು ದಪ್ಪದವರೆಗೆ ತಡೆಯುತ್ತದೆ ಎಂಬುದರ ಜೊತೆಗೆ ಆ ಎಲ್ಲ ಅಳತೆಯ ಹೊದಿಕೆ ಸುಲಭವಾಗಿ ಸಿಗುತ್ತದೆಯೇ ಎಂದು ನೋಡಬೇಕು. ಯಂತ್ರ ಒಮ್ಮೆ ಕೊಳ್ಳುವುದು, ಹೊದಿಕೆ ಪ್ರತಿ ಸಲವೂ. ದೀಪಕ್ಕಿಂತ ಎಣ್ಣೆಯ ಖರ್ಚೇ ಹೆಚ್ಚು. ಬೇರೆ ಕಂಪನಿಯ ಹೊದಿಕೆಯೂ ಹೊಂದುವ ಯಂತ್ರವಾದರೆ ಒಳ್ಳೆಯದು.

ಎರಡನೆಯದು ನಮ್ಮಂಥವರ ವಿಶೇಷ ತೊಂದರೆ. ಊರಿನಿಂದ ಬರುವ ಕಡತಗಳೆಲ್ಲ ಎ4, ಅಂದರೆ 210ಕ್ಕೆ 297 ಮಿಲಿಮೀಟರ್. ಇಲ್ಲಿಯ ಲೆಟರ್ ಕಾಗದ 216ಕ್ಕೆ 279. ಒಂದು ಉದ್ದ, ಇನ್ನೊಂದು ಅಗಲ. ಎರಡನ್ನೂ ಬೆರೆಸಿ ಲೆಟರ್ ಹೊದಿಕೆಯಲ್ಲಿಟ್ಟರೆ ಎ4 ಹಾಳೆಗಳ ತಲೆ ಹೊರಗಿಣುಕುತ್ತದೆ. ಅಚ್ಚಿಗೆ ಮೊದಲೇ ಒಂದಕ್ಕೆ ಬದಲಾಯಿಸಿಕೊಳ್ಳಬೇಕು.

ಮೂರನೆಯದು ಕಾಗದದ ಜಾತಿ. ಹೊಳಪಿನ ಕಾಗದಕ್ಕೆ ಈ ಅಂಟು ಸರಿಯಾಗಿ ಹತ್ತುವುದಿಲ್ಲ, ಏಕೆಂದರೆ ಅದರ ಮೇಲಿನ ಲೇಪನದೊಳಕ್ಕೆ ಅಂಟು ಇಳಿಯುವುದಿಲ್ಲ. ಆ ಹಿರಿಯರ ಪುಸ್ತಕದಲ್ಲಿ ಮೊದಲು ಕಳಚಿದ್ದು ಫೋಟೋ ಹಾಳೆಗಳೇ ಎಂದು ಮೂರು ಪ್ರತಿ ನೋಡಿದ ಮೇಲೆ ಅರ್ಥವಾಯಿತು. ಫೋಟೋಗಳನ್ನೂ ಸಾದಾ ಕಾಗದದಲ್ಲೇ ಮುದ್ರಿಸುವುದು ವಾಸಿ.

ನಾಲ್ಕನೆಯದು ಕಾಗದದ ಎಳೆ. ಬಟ್ಟೆಗಿರುವಂತೆ ಕಾಗದಕ್ಕೂ ಎಳೆಯ ದಿಕ್ಕಿದೆ. ಎಳೆ ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ನಯವಾಗಿ ಮಗುಚುತ್ತದೆ. ಅಡ್ಡವಾಗಿದ್ದರೆ ಸೆಟೆದು ನಿಂತು ಅಂಟನ್ನು ಜಗ್ಗುತ್ತದೆ. ಕಚೇರಿ ಕಾಗದದ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ, ಪೂರ್ಣ ಹಾಳೆಗೆ ಅದು ಸರಿ. ಆದರೆ ಕಥಾಸಂಕಲನ ಕೈಗೊಪ್ಪುವಂತೆ ಇರಲಿ ಎಂದು ಅದೇ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೆ ಎಳೆ ಅಡ್ಡವಾಗುತ್ತದೆ. ಚಿಕ್ಕ ಪುಸ್ತಕ ಮಾಡುವವರು ಅಡ್ಡ ಎಳೆಯ ಕಾಗದವನ್ನು ಕೇಳಿ ಕೊಳ್ಳಬೇಕು.

ಐದನೆಯದು ತಾಳ್ಮೆ. ಹಾಳಾಗುವ ಪ್ರತಿಗಳಲ್ಲಿ ಎಷ್ಟೋ ಆರುವ ಮುನ್ನವೇ ತೆರೆದು ನೋಡುವುದರಿಂದ ಹಾಳಾಗುತ್ತವೆ. ಆರಲು ನಿಲ್ಲಿಸುವ ಚೌಕಟ್ಟು ಯಂತ್ರದ ಜೊತೆಗಿದ್ದರೆ ಅದು ಅಲಂಕಾರವಲ್ಲ. ಬಳಗದ ಮನೆಗಳಲ್ಲಿ ಮಕ್ಕಳು ಓಡಾಡುವುದರಿಂದ ತಾನಾಗಿ ಆರಿಹೋಗುವ ವ್ಯವಸ್ಥೆಯೂ ಇರಲಿ.

ಇಷ್ಟಾದ ಮೇಲೆ ಒಂದು ಪರೀಕ್ಷೆ. ಮುದ್ರಣಾಲಯದವರು ಮಾಡುವಂಥದೇ. ಆರಿದ ಪುಸ್ತಕವನ್ನು ನಡುವೆ ತೆರೆದು, ಒಂದು ಹಾಳೆಯನ್ನು ಹಿಡಿದು, ಮೆಲ್ಲಗೆ ನೇರ ಎಳೆಯುವುದು. ಅಂಗಡಿಯಲ್ಲಿ ಮಾದರಿ ಕೊಟ್ಟರೆ ಸಂಕೋಚಪಡದೆ ಎಳೆದು ನೋಡಿ. ಕಲ್ಲಂಗಡಿ ಹಣ್ಣನ್ನು ತಟ್ಟದೆ ಕೊಳ್ಳುತ್ತೇವೆಯೆ?

ಹಾಗಾದರೆ ಬಳಗಕ್ಕೆ ನನ್ನ ಸಲಹೆ ಏನು? ಮುನ್ನೂರು ಹಾಳೆ ತಡೆಯುವ, ಬಿಸಿ ತಟ್ಟೆಯ ಸಾದಾ ಯಂತ್ರ ಕೊಳ್ಳೋಣ. ವರ್ಷದ ಲೆಕ್ಕ, ನಡಾವಳಿ, ಕಾರ್ಯಕ್ರಮದ ಕೈಪಿಡಿ, ಇವುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇದರಲ್ಲೊಂದು ಗುಣವೂ ಇದೆ. ಕರಗುವ ಅಂಟಾದ್ದರಿಂದ ಒಂದು ಹಾಳೆ ತಪ್ಪಾದರೆ ಮತ್ತೆ ಯಂತ್ರದಲ್ಲಿಟ್ಟು ಕಾಯಿಸಿ, ತೆಗೆದು, ಸರಿಯಾದದ್ದನ್ನು ಸೇರಿಸಬಹುದು. ಸಡಿಲವಾದ ಹಾಳೆಯೂ ಇನ್ನೊಮ್ಮೆ ಹಿಡಿದುಕೊಳ್ಳುತ್ತದೆ. ಪಿ.ಯು.ಆರ್. ಅಂಟಿಗೆ ಈ ಕ್ಷಮಾಗುಣವಿಲ್ಲ. ಕರಗುವುದು ಇದರ ದೋಷ, ಕರಗುವುದೇ ಇದರ ಗುಣ. ಎರಡು ಮೂರು ವರ್ಷದಲ್ಲಿ ಕೆಲಸ ಮುಗಿಯುವ ಕಾಗದಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ.

ಆದರೆ ಸದಸ್ಯರ ಬರಹಗಳ ಸಂಕಲನದ ವಿಷಯ ಬೇರೆ. ಊರಿನಲ್ಲಿ ಅಚ್ಚಾದ ಪುಸ್ತಕ ಸಾವಿರ ಪ್ರತಿಯದು, ಒಂದು ಹಾಳಾದರೆ ಇನ್ನೊಂದು ಗ್ರಂಥಾಲಯದಲ್ಲಿ ಇರುತ್ತದೆ. ನಾವು ಇಲ್ಲಿ ಬರೆದು ಇಪ್ಪತ್ತು ಮೂವತ್ತು ಪ್ರತಿ ಮಾಡಿ ಹಂಚುವುದು ಬೇರೆಲ್ಲೂ ಇಲ್ಲ. ಆ ಪ್ರತಿಗಳ ಬೆನ್ನು ಮುರಿದರೆ ಆ ಬರಹವೇ ಮುರಿದಂತೆ. ಆದ್ದರಿಂದ ಓದಲು ಹಂಚುವ ಪ್ರತಿಗಳನ್ನು ಯಂತ್ರದಲ್ಲಿ ಕಟ್ಟೋಣ. ಅದರ ಜೊತೆಗೆ ಪ್ರತಿ ಸಂಕಲನದ ಎರಡು ಪ್ರತಿಗಳನ್ನಾದರೂ ಆಮ್ಲವಿಲ್ಲದ ಕಾಗದದಲ್ಲಿ ಮುದ್ರಿಸಿ, ಎಡಗಡೆ ಒಂದು ಇಂಚಿಗಿಂತ ತುಸು ಹೆಚ್ಚು ಅಂಚು ಬಿಟ್ಟು, ಐದು ತೂತು ಕೊರೆದು, ದಾರದಲ್ಲಿ ಹೊಲಿದಿಡೋಣ. ಮಿಂಗ್ ಕಾಲದ ಹೊಲಿಗೆಯೆನ್ನಿ, ಓಲೆಗರಿಯ ಕಟ್ಟೆನ್ನಿ. ದಪ್ಪ ಸೂಜಿ, ಗಟ್ಟಿ ದಾರ, ಒಂದು ಮಧ್ಯಾಹ್ನ ಸಾಕು. ದಾರ ಹಳತಾದರೆ ಮುಂದಿನವರು ಬೇರೆ ದಾರ ಹಾಕಿಯಾರು.

ಆ ಹಿರಿಯರ ಪುಸ್ತಕದ ಕಥೆ ಮುಗಿಸುತ್ತೇನೆ. ಮೂರು ಪ್ರತಿಗಳ ಹಾಳೆಗಳನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿ ಪುಟಸಂಖ್ಯೆಯ ಪ್ರಕಾರ ಜೋಡಿಸಿದೆವು. ನನ್ನ ಪ್ರತಿಯಲ್ಲಿ ಇಲ್ಲದ ಎರಡು ಹಾಳೆಗಳಲ್ಲಿ ಒಂದು ಎರಡನೆಯದರಲ್ಲಿತ್ತು, ಇನ್ನೊಂದು ಮೂರನೆಯದರಲ್ಲಿ. ಆ ಎರಡನೆಯ ಹಾಳೆಯಲ್ಲಿದ್ದದ್ದು ಅವರು ಮೊದಲ ಸಲ ಊರು ಬಿಟ್ಟ ದಿನ, ಅವರ ತಾಯಿ ಬಸ್ಸಿನ ತನಕ ಬಂದು ಏನೂ ಮಾತಾಡದೆ ನಿಂತದ್ದು. ಮಗಳು ಅದನ್ನು ನಿಂತಲ್ಲೇ ಓದಿದಳು. ಅವಳು ಕನ್ನಡ ಓದುವುದು ನಿಧಾನ, ನಾವು ಕಾದೆವು.

ಹಾಳೆಗಳು ಹೇಗೂ ಬಿಡಿಯಾಗಿದ್ದರಿಂದ ಸ್ಕ್ಯಾನ್ ಮಾಡುವುದು ಸಲೀಸಾಯಿತು. ಅಂಟು ಬಿಟ್ಟದ್ದರಿಂದ ಆದ ಒಂದೇ ಉಪಕಾರ ಅದು. ಹೊಸದಾಗಿ ಐದು ಪ್ರತಿ ಅಚ್ಚು ಹಾಕಿದ್ದೇವೆ. ಬರುವ ತಿಂಗಳ ಎರಡನೆಯ ಶನಿವಾರ ನಮ್ಮ ಮನೆಯಲ್ಲಿ ಅವನ್ನು ಹೊಲಿಯುವ ಕೆಲಸವಿದೆ. ಸೂಜಿ ದಾರ ನಾನು ತರುತ್ತೇನೆ. ನಿಮ್ಮ ಅಟ್ಟದಲ್ಲಿ, ಗರಾಜಿನಲ್ಲಿ ಇಂಥ ಪುಸ್ತಕಗಳಿದ್ದರೆ ಇಂದೇ ತೆಗೆದು ನೋಡಿ, ಎಷ್ಟೇ ಸಡಿಲವಾಗಿದ್ದರೂ ಒಂದು ಹಾಳೆಯನ್ನೂ ಎಸೆಯದೆ ಜೊತೆಗೆ ತನ್ನಿ. ನಿಮ್ಮಲ್ಲಿ ಕಳೆದ ಪುಟ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇರಬಹುದು.